ದೆವ್ವದ ಕಪ್‌ಕೇಕ್‌ಗೆ ಯಾವ ಕ್ರೀಮ್ ಸರಿ? ಮಲೆನಾಡಿನ ತೇವದಲ್ಲಿ ಮಾಡಿ ನೋಡಿದ ಹೋಲಿಕೆ

ಅಕ್ಟೋಬರ್ 31ರ ಹ್ಯಾಲೋವೀನ್ ಹೊರಗಿನಿಂದ ಬಂದದ್ದು. ಆದರೆ ಮಕ್ಕಳನ್ನು ಕೂರಿಸಿಕೊಂಡು ಕೇಕ್ ಮೇಲೆ ದೆವ್ವ ಮಾಡೋಕೆ ಬೇಕಾದ ಸರಕು ನಮ್ಮಲ್ಲೇ ಇದೆ: ಕೊಳ್ಳಿದೆವ್ವ, ಮೋಹಿನಿ, ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’. ತೊಂದರೆ ಬರುವುದು ಕ್ರೀಮ್ ಆರಿಸುವಾಗ. ಇಂಟರ್ನೆಟ್‌ನಲ್ಲಿ ಸಿಗುವ ಅಳತೆಗಳು ಒಣಹವೆಯ ಊರುಗಳವು. ಹಾಸನ, ಸಕಲೇಶಪುರ, ಚಿಕ್ಕಮಗಳೂರಿನಲ್ಲಿ ಅಕ್ಟೋಬರ್ ಅಂದರೆ ಬೆಳಿಗ್ಗೆ ತಂಪು, ಮಧ್ಯಾಹ್ನದ ಮೇಲೆ ಮಳೆ, ಗಾಳಿ ತುಂಬ ತೇವ. ತಂಪು ಇರುವುದರಿಂದ ಬೆಣ್ಣೆ, ಚಾಕೊಲೇಟ್‌ನಂಥ ಜಿಡ್ಡಿನ ಪದಾರ್ಥ ಚೆನ್ನಾಗಿ ನಿಲ್ಲುತ್ತದೆ. ತೇವ ಇರುವುದರಿಂದ ಬರೀ ಸಕ್ಕರೆಯಿಂದ ಮಾಡಿದ್ದು ಕೈಕೊಡುತ್ತದೆ. ಈ ಹೋಲಿಕೆಯಲ್ಲಿ ಗೆದ್ದದ್ದು, ಸೋತದ್ದು ಬಹುಪಾಲು ಇದೇ ಕಾರಣಕ್ಕೆ.

ಎಲ್ಲವನ್ನೂ ಹಾಕಿ ನೋಡಿದ್ದು ಮೊಟ್ಟೆಯಿಲ್ಲದ ಒಂದೇ ಬಗೆಯ ಕಪ್‌ಕೇಕ್ ಮೇಲೆ. ಮೈದಾ 125 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ಹುಳಿಯಿಲ್ಲದ ಮೊಸರು 125 ಗ್ರಾಂ, ಎಣ್ಣೆ 60 ಮಿ.ಲೀ., ಬೇಕಿಂಗ್ ಪೌಡರ್ ಒಂದು ಚಮಚ, ಸೋಡಾ ಕಾಲು ಚಮಚ, ಹಿಟ್ಟು ಗಟ್ಟಿ ಅನಿಸಿದರೆ ಎರಡು ಚಮಚ ಹಾಲು. ಮೊದಲೇ ಕಾಯಿಸಿದ ಓವನ್‌ನಲ್ಲಿ 175 ಡಿಗ್ರಿಯಲ್ಲಿ 18–20 ನಿಮಿಷ. ಎಂಟರಿಂದ ಹತ್ತು ಬರುತ್ತವೆ. ಕೆಳಭಾಗ ಮುಟ್ಟಿದರೂ ಬಿಸಿ ತಾಕಬಾರದು, ಅಷ್ಟು ಆರಿಸಿ. ಒಳಗೆ ಬಿಸಿ ಉಳಿದಿದ್ದರೆ ಯಾವ ಕ್ರೀಮ್ ಆದರೂ ಅರ್ಧ ಗಂಟೆಯಲ್ಲಿ ಬುಡದಿಂದ ಜಾರುತ್ತದೆ.

ಬಟರ್‌ಕ್ರೀಮ್ ಮತ್ತು ವಿಪ್ಪಿಂಗ್ ಕ್ರೀಮ್

ಬಿಳಿ ದೆವ್ವಕ್ಕೆ ನಿಜವಾದ ಪೈಪೋಟಿ ಇವೆರಡರ ನಡುವೆ. ರುಚಿಯಲ್ಲಿ ವಿಪ್ಪಿಂಗ್ ಕ್ರೀಮ್ ಮುಂದು: ಹಗುರ, ಸಿಹಿ ಕಡಿಮೆ, ದೊಡ್ಡವರೂ ಪೂರ್ತಿ ತಿನ್ನುತ್ತಾರೆ. ಬಟರ್‌ಕ್ರೀಮ್ ಗಂಟಲು ಕಟ್ಟುವಷ್ಟು ಸಿಹಿ. ಆದರೂ ಮಕ್ಕಳ ಕೈಗೆ ಕೊಡುವುದಾದರೆ ಬಟರ್‌ಕ್ರೀಮೇ ಸರಿ. ದೆವ್ವ ಅಂದರೆ ನಾಲ್ಕೈದು ಸೆಂಟಿಮೀಟರ್ ಎತ್ತರದ ಗೋಪುರ. ವಿಪ್ಪಿಂಗ್ ಕ್ರೀಮ್‌ನಲ್ಲಿ ಅದು ಹಾಕಿದಾಗ ಚೆನ್ನಾಗಿಯೇ ನಿಲ್ಲುತ್ತದೆ, ಫ್ರಿಜ್‌ನ ಹೊರಗೆ ಸ್ವಲ್ಪ ಹೊತ್ತಾದ ಮೇಲೆ ತಲೆ ವಾಲುತ್ತದೆ. ಕಣ್ಣಿಗೆ ಇಟ್ಟ ಚಾಕೊಲೇಟ್ ಚುಕ್ಕಿಗಳು ಕೆನ್ನೆಗೆ ಇಳಿಯುತ್ತವೆ. ಬಟರ್‌ಕ್ರೀಮ್ ದೆವ್ವ ನಮ್ಮ ಹವೆಯಲ್ಲಿ ಸಂಜೆಯವರೆಗೂ ನೆಟ್ಟಗಿರುತ್ತದೆ. ಕರಾವಳಿಯಲ್ಲಿ ಇದು ಸಾಧ್ಯವಿಲ್ಲ. ಬೆಣ್ಣೆ ಕರಗುವುದು 32–35 ಡಿಗ್ರಿಯಲ್ಲಿ, ಆದರೆ ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ.

ಬಟರ್‌ಕ್ರೀಮ್‌ನ ಅಳತೆ: ಉಪ್ಪಿಲ್ಲದ ಬೆಣ್ಣೆ 150 ಗ್ರಾಂ, ಐಸಿಂಗ್ ಶುಗರ್ 275 ಗ್ರಾಂ, ಹಾಲು ಒಂದೆರಡು ಚಮಚ, ಚಿಟಿಕೆ ಉಪ್ಪು. ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಎಣ್ಣೆ ಅಂಟಬಾರದು, ಬೆಣ್ಣೆ ಆ ಹದದಲ್ಲಿರಲಿ. ಬೆಳಿಗ್ಗೆ ಹತ್ತರೊಳಗೆ ಇಲ್ಲಿನ ಅಡುಗೆಮನೆಯಲ್ಲಿ ಅದು ತಾನಾಗಿಯೇ ಆ ಹದಕ್ಕೆ ಬಂದಿರುತ್ತದೆ. ಮೊದಲು ಬೆಣ್ಣೆಯನ್ನಷ್ಟೇ ಐದು ನಿಮಿಷ ಬೀಟ್ ಮಾಡಿ. ಬಣ್ಣ ತಿಳಿಯಾದ ಮೇಲೆ ಸಕ್ಕರೆಯನ್ನು ಮೂರು ಸಲಕ್ಕೆ ಸೇರಿಸಿ. ಆಮೇಲೂ ಹಳದಿ ಛಾಯೆ ಉಳಿದಿದ್ದರೆ ಟೂತ್‌ಪಿಕ್ ತುದಿಯಲ್ಲಿ ಹತ್ತುವಷ್ಟು ನೇರಳೆ ಜೆಲ್ ಬಣ್ಣ ಹಾಕಿ ಕಲಸಿ, ಬಿಳುಪು ಬರುತ್ತದೆ. ಹೆಚ್ಚಾದರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಿಕ್ಸಿಯಲ್ಲಿ ಮನೆ ಸಕ್ಕರೆ ಪುಡಿ ಮಾಡಿಕೊಳ್ಳುವವರು ನೂರು ಗ್ರಾಂಗೆ ಒಂದು ಚಮಚ ಕಾರ್ನ್‌ಫ್ಲೋರ್ ಸೇರಿಸಿ ಎರಡು ಸಲ ಜರಡಿ ಹಿಡಿಯಬೇಕು. ಒಂದೇ ಒಂದು ತರಿ ಉಳಿದರೂ ಕ್ರೀಮ್ ಒತ್ತುವ ಕೋನ್‌ನ ತೂತು ಕಟ್ಟುತ್ತದೆ.

ಮನೆಯಲ್ಲಿ ಕಡೆದ ಬೆಣ್ಣೆ ಇದಕ್ಕೆ ಬೇಡ. ರೊಟ್ಟಿಗೆ ಅದಕ್ಕಿಂತ ರುಚಿಯಾದದ್ದಿಲ್ಲ, ನಿಜ. ಆದರೆ ಅದರಲ್ಲಿ ಮಜ್ಜಿಗೆ ನೀರು ಉಳಿದಿರುತ್ತದೆ, ಸಕ್ಕರೆ ಬಿದ್ದ ಕೂಡಲೇ ಕ್ರೀಮ್ ಒಡೆಯುತ್ತದೆ, ಹುಳಿಯೂ ತಿಳಿಯುತ್ತದೆ. ಪ್ಯಾಕೆಟ್ ಬೆಣ್ಣೆಯ ಕ್ರೀಮ್ ಕೂಡ ತರಿತರಿಯಾದರೆ ಬೆಣ್ಣೆ ತಣ್ಣಗಿತ್ತು ಅಂತ ಅರ್ಥ. ಪಾತ್ರೆಯ ತಳವನ್ನು ಬಿಸಿನೀರಿನ ಆವಿಗೆ ಹತ್ತು ಸೆಕೆಂಡ್ ಹಿಡಿದು ಮತ್ತೆ ಬೀಟ್ ಮಾಡಿ. ಸಾರಿನ ಹಾಗಾದರೆ ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ.

ವಿಪ್ಪಿಂಗ್ ಕ್ರೀಮ್ ಬೇಕೇ ಬೇಕು ಅನ್ನುವವರಿಗೆ: ಬೇಕರಿ ಸಾಮಾನಿನ ಅಂಗಡಿಯಲ್ಲಿ ಫ್ರೀಜರ್‌ನಿಂದ ತೆಗೆದು ಕೊಡುವ, ಸಸ್ಯಜನ್ಯ ಕೊಬ್ಬಿನ ಸಿಹಿ ಕ್ರೀಮನ್ನೇ ತನ್ನಿ. ಕಿರಾಣಿ ಅಂಗಡಿಯ 25% ಕೊಬ್ಬಿನ ಫ್ರೆಶ್ ಕ್ರೀಮನ್ನು ಎಷ್ಟು ಬೀಟ್ ಮಾಡಿದರೂ ಅದು ಗಟ್ಟಿ ನಿಲ್ಲುವುದಿಲ್ಲ. ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ, ಅಲ್ಲಲ್ಲಿ ಐಸಿನ ಚೂರು ಉಳಿದಿರುವಾಗಲೇ ಬೀಟ್ ಮಾಡಿ. ಬೀಟರ್ ಎತ್ತಿದಾಗ ತುದಿ ಬಾಗದೆ ನಿಂತರೆ ಸಾಕು. ಅಲ್ಲಿಂದ ಮುಂದೆ ಹೋದರೆ ನೊರೆ ಒರಟಾಗುತ್ತದೆ. ಹಾಗಾದಾಗ ಎರಡು ಚಮಚ ಬೀಟ್ ಮಾಡದ ಕ್ರೀಮ್ ಸೇರಿಸಿ ಕೈಯಲ್ಲೇ ಮಡಚಿ. ಮಳೆ ಬಂದು ಕರೆಂಟ್ ಹೋಗುವ ದಿನ ಇದನ್ನು ನಂಬಬೇಡಿ. ಬೀಟರ್‌ಗೂ ಕರೆಂಟ್ ಬೇಕು, ಹಾಕಿದ್ದನ್ನು ಉಳಿಸಿಕೊಳ್ಳಲೂ ಬೇಕು.

ಕೋನ್ ಯಾವುದಾದರೂ ಅರ್ಧ ಮಾತ್ರ ತುಂಬಿಸಿ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಡಿ. ಪೂರ್ತಿ ತುಂಬಿಸಿದರೆ ಮಕ್ಕಳ ಅಂಗೈ ಬಿಸಿಗೆ ಮೇಲಿನ ಬೆಣ್ಣೆ ಕರಗಿ ಹಿಂದಿನಿಂದ ಉಕ್ಕುತ್ತದೆ. ತುದಿಯನ್ನು ಒಂದು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ. ನೇರ ಹಿಡಿದು ಒತ್ತಿ, ಒತ್ತುವುದನ್ನು ನಿಲ್ಲಿಸಿ, ಆಮೇಲೆ ಮೇಲಕ್ಕೆ ಎತ್ತಿ. ಒತ್ತುತ್ತಲೇ ಎತ್ತಿದರೆ ದೆವ್ವಕ್ಕೆ ಬಾಲ ಬರುತ್ತದೆ. ಇದು ಸಂಡಿಗೆ ಇಡುವ ಕೈಯ ಕೆಲಸ, ಮನೆಯಲ್ಲಿ ಅಜ್ಜಿ ಇದ್ದರೆ ಮೊದಲ ಎರಡನ್ನು ಅವರ ಕೈಯಲ್ಲೇ ಹಾಕಿಸಿ.

ಗನಾಶ್: ಕಪ್ಪಿಗೆ ಇದೊಂದೇ

ಬಿಳಿ ಕ್ರೀಮ್‌ಗೆ ಕಪ್ಪು ಬಣ್ಣ ಸುರಿದರೆ ಸಿಗುವುದು ಬೂದಿ ಬಣ್ಣ. ಕಪ್ಪಾಗುವವರೆಗೆ ಸುರಿಯುತ್ತ ಹೋದರೆ ಕ್ರೀಮ್ ಕಹಿಯಾಗುತ್ತದೆ, ತಿಂದವರ ಹಲ್ಲು, ನಾಲಿಗೆ ಎಲ್ಲ ಕಪ್ಪು. ಗನಾಶ್ ಅಂದರೆ ಚಾಕೊಲೇಟ್‌ಗೆ ಬಿಸಿ ಕ್ರೀಮ್ ಸುರಿದು ಕಲಸಿದ್ದು; ಹೀಗೆ ಡಾರ್ಕ್ ಚಾಕೊಲೇಟ್‌ನಿಂದ ಶುರು ಮಾಡಿದರೆ ಒಂದು ತೊಟ್ಟು ಬಣ್ಣ ಸಾಕು, ರಾತ್ರಿ ಕಳೆಯುವುದರಲ್ಲಿ ಅದು ಇನ್ನೂ ಗಾಢವಾಗುತ್ತದೆ. ಇದ್ದಿಲ ಪುಡಿ ಬಳಸುವ ಪದ್ಧತಿಯೂ ಇದೆ. ಅದು ಔಷಧಿಗಳನ್ನು ಹೀರಿಕೊಂಡು ಅವುಗಳ ಕೆಲಸ ಕೆಡಿಸುವುದರಿಂದ ಮಕ್ಕಳು, ಹಿರಿಯರು ತಿನ್ನುವ ಕೇಕ್‌ಗೆ ಖಂಡಿತ ಬೇಡ.

ಡಾರ್ಕ್ ಕಾಂಪೌಂಡ್ (ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ ಚಾಕೊಲೇಟ್) 200 ಗ್ರಾಂ ಸಣ್ಣಗೆ ಹೆಚ್ಚಿ. ಫ್ರೆಶ್ ಕ್ರೀಮ್ 100 ಗ್ರಾಂ ಅಂಚಿನಲ್ಲಿ ಗುಳ್ಳೆ ಏಳುವವರೆಗೆ ಮಾತ್ರ ಕಾಯಿಸಿ ಮೇಲೆ ಸುರಿದು, ಎರಡು ನಿಮಿಷ ಬಿಟ್ಟು ನಡುವಿನಿಂದ ಹೊರಕ್ಕೆ ಕಲಕಿ. ಎಣ್ಣೆ ಬಿಟ್ಟರೆ ಒಂದು ಚಮಚ ಬೆಚ್ಚಗಿನ ಹಾಲು ಹಾಕಿ ಕಲಕಿದರೆ ಕೂಡಿಕೊಳ್ಳುತ್ತದೆ. ಒಂದು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಸೇರಿಸಿದರೆ ಸಿಹಿಯ ಅಬ್ಬರ ಇಳಿಯುತ್ತದೆ, ಚಿಕ್ಕಮಗಳೂರಿನ ಮನೆಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಬರೀ ಕರಗಿಸಿದ ಚಾಕೊಲೇಟ್‌ಗೆ ಡಿಕಾಕ್ಷನ್ ಆಗಲಿ, ನೀರಿನ ಹನಿಯಾಗಲಿ, ಸಾಧಾರಣ ಜೆಲ್ ಬಣ್ಣವಾಗಲಿ ತಾಗಬಾರದು. ತಕ್ಷಣ ಗಂಟು ಕಟ್ಟಿ ಮರಳಾಗುತ್ತದೆ. ಅದಕ್ಕೆ ಎಣ್ಣೆ ಆಧಾರಿತ ಬಣ್ಣವೇ ಬೇಕು.

ಜೇಡರ ಬಲೆಗೆ ಕಪ್‌ಕೇಕ್‌ನ ಉಬ್ಬು ಕತ್ತರಿಸಿ ಸಮ ಮಾಡಿ, ಉಗುರುಬೆಚ್ಚಗಿನ ಗನಾಶ್ ಹರಡಿ. ಅದು ಹಸಿಯಿರುವಾಗಲೇ ಕರಗಿಸಿದ ಬಿಳಿ ಕಾಂಪೌಂಡ್‌ನಿಂದ ಮೂರು ಸುತ್ತು ಬರೆದು, ಟೂತ್‌ಪಿಕ್ಕನ್ನು ನಡುವಿನಿಂದ ಅಂಚಿಗೆ ಎಂಟು ಕಡೆ ಎಳೆಯಿರಿ. ಪ್ರತಿ ಸಲ ತುದಿ ಒರೆಸಬೇಕು. ತಡ ಮಾಡಿದರೆ ಗನಾಶ್ ಚರ್ಮ ಕಟ್ಟುತ್ತದೆ, ಎಳೆ ಹರಿದುಹೋಗುತ್ತದೆ. ಹೀಗಾಗಿ ಎರಡೆರಡೇ ಕಪ್‌ಕೇಕ್ ತೆಗೆದುಕೊಳ್ಳಿ. ಜೇಡದ ಕಾಲಿಗೆ ತೆಳ್ಳಗಿನ ತೇಂಗೊಳಲಿನ ಬಾಗಿದ ಚೂರುಗಳನ್ನು ಕರಗಿದ ಕಾಂಪೌಂಡ್‌ನಲ್ಲಿ ಅದ್ದಿ ಒಣಗಿಸಿ ಚುಚ್ಚಿ. ಚಾಕೊಲೇಟ್‌ನಿಂದಲೇ ಎಳೆದ ಕಾಲುಗಳು ಎತ್ತುವಾಗ ಮುರಿಯುತ್ತವೆ, ಇವು ಮುರಿಯುವುದಿಲ್ಲ, ಉಪ್ಪು–ಸಿಹಿ ರುಚಿಯೂ ಹೊಂದುತ್ತದೆ. ಕೊಳ್ಳಿದೆವ್ವಕ್ಕೆ ಕಪ್ಪು ಗನಾಶ್ ಮೇಲೆ ಬಟರ್‌ಕ್ರೀಮ್ ಜ್ವಾಲೆ. ಕೋನ್‌ನ ಒಳಗೋಡೆಗೆ ಒಂದು ಕಡೆ ಕಿತ್ತಳೆ ಜೆಲ್ ಸವರಿ ಹಳದಿ ಕ್ರೀಮ್ ತುಂಬಿಸಿದರೆ ಎರಡು ಬಣ್ಣ ಒಟ್ಟಿಗೆ ಬರುತ್ತದೆ.

ಫಾಂಡೆಂಟ್, ಮೆರಾಂಗ್

ಫೋಟೊದಲ್ಲಿ ಫಾಂಡೆಂಟ್‌ನಷ್ಟು (ಲಟ್ಟಿಸಿ ಕೇಕ್ ಮೇಲೆ ಹೊದಿಸುವ ಸಕ್ಕರೆಯ ಕಣಕ) ಅಚ್ಚುಕಟ್ಟು ಯಾವುದೂ ಇಲ್ಲ. ಆದರೆ ಅದು ಗಾಳಿಯ ತೇವ ಹೀರಿ ಅಂಟಾಗುತ್ತದೆ, ಫ್ರಿಜ್‌ನಿಂದ ತೆಗೆದರೆ ಬೆವರುತ್ತದೆ. ಪೂರ್ತಿ ಹೊದಿಸದೆ ಬಾಗಿಲಿಗಷ್ಟೇ ಬಳಸಿ: ಕಂದು ಫಾಂಡೆಂಟನ್ನು ಕಾರ್ನ್‌ಫ್ಲೋರ್ ಉದುರಿಸಿ 3 ಮಿ.ಮೀ. ಲಟ್ಟಿಸಿ, ಆಯತ ಕತ್ತರಿಸಿ, ಮೇಲೆ ಬಿಳಿ ಚಾಕೊಲೇಟ್‌ನಲ್ಲಿ ‘ನಾಳೆ ಬಾ’ ಬರೆದರೆ ಬೆಂಗಳೂರಿನಿಂದ ಬಂದ ನೆಂಟರೂ ಗುರುತು ಹಿಡಿಯುತ್ತಾರೆ. ಬಡಿಸುವ ಹೊತ್ತಿಗೆ ಅಂಟಿಸಿ.

ಮೊಟ್ಟೆಯ ಬಿಳಿಯಿಂದ ಮಾಡುವ ಮೆರಾಂಗ್ ದೆವ್ವ ಮಳೆಗಾಲದ ಬಾಲದಲ್ಲಿ ಬೇಡವೇ ಬೇಡ. ನೂರು ಡಿಗ್ರಿಯಲ್ಲಿ ಒಂದೂವರೆ ಗಂಟೆ ಒಣಗಿಸಿ ಗರಿಗರಿಯಾಗಿ ತೆಗೆದದ್ದು ತಟ್ಟೆಯಲ್ಲೇ ಜಿಗುಟಾಗುತ್ತದೆ. ಫೆಬ್ರವರಿಯಲ್ಲಾದರೆ ಮಾಡಬಹುದು. ಬಲೆ ಎಳೆಯಲು ಮಾರ್ಷ್‌ಮೆಲ್ಲೊ ತರುವವರು ಪ್ಯಾಕೆಟ್ ತಿರುಗಿಸಿ ನೋಡಿ. ಹೆಚ್ಚಿನವುಗಳಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ, ಸಸ್ಯಾಹಾರಿ ಮನೆಗಳಲ್ಲಿ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಒಂದೇ ದಿನದಲ್ಲಿ ಎಲ್ಲ ಮುಗಿಸುವ ಆಸೆ ಬಿಡಿ. ಹಿಂದಿನ ಸಂಜೆ ಕಪ್‌ಕೇಕ್, ಜೇಡದ ಕಾಲು, ಕಣ್ಣಿನ ಚುಕ್ಕಿ. ಮಾರನೆ ಬೆಳಿಗ್ಗೆ ತಂಪಿನಲ್ಲಿ ಬಟರ್‌ಕ್ರೀಮ್. ಗನಾಶ್ ಕಾಯಿಸುವುದು ದೊಡ್ಡವರ ಕೆಲಸ, ಬಲೆ ಎಳೆಯುವುದು ಏಳೆಂಟು ವರ್ಷದವರಿಗೆ, ಕಣ್ಣು ಇಡುವುದು ಅದಕ್ಕಿಂತ ಚಿಕ್ಕವರಿಗೆ.