ಒದ್ದೆ ಸೆಕೆಗೆ ನೀರಿನ ಕೂಲರ್ ತರಬೇಡಿ, ನಾನು ಮೋಸಹೋದೆ

ಮೊದಲೇ ಹೇಳಿಬಿಡುತ್ತೇನೆ. ಮಳೆಯೂ ಸೆಕೆಯೂ ಒಟ್ಟಿಗೇ ಬರುವ ಕಡೆ ನಿಮ್ಮ ಮನೆ ಇದ್ದರೆ, ನೀರು ತುಂಬಿಸುವ ಕೂಲರ್ ತರಬೇಡಿ. ಯಾರು ಏನೇ ಹೇಳಲಿ, ತರಬೇಡಿ.

ನಮ್ಮದು ಹಳ್ಳಿ ಮನೆ, ಸುತ್ತ ಗಿಡಮರ. ಈ ಬೇಸಿಗೆಯಲ್ಲಿ ಬಿಟ್ಟು ಬಿಟ್ಟು ಮಳೆ. ಒಗೆದ ಬಟ್ಟೆ ಎರಡು ದಿನವಾದರೂ ಒಣಗುತ್ತಿರಲಿಲ್ಲ. ಅಮ್ಮನಿಗೆ ರಾತ್ರಿ ನಿದ್ದೆಯೇ ಇಲ್ಲ. ಅದಕ್ಕೇ ಅಂಗಡಿಗೆ ಹೋದೆ. ಬಿಡಿಸಿ ಹೇಳಿದೆ: ನಮ್ಮಲ್ಲಿ ಗಾಳಿಯೇ ಒದ್ದೆ, ಗೋಡೆ ಮುಟ್ಟಿದರೆ ಕೈ ತೇವವಾಗುತ್ತದೆ ಅಂತ. "ಅಂಥ ಮನೆಗೇ ಮೇಡಂ ಇದು. ತೇವ ಎಲ್ಲ ಎಳ್ಕೊಂಡ್ಬಿಡುತ್ತೆ" ಅಂದರು. ನಂಬಿದೆ.

ಮೊದಲ ಅರ್ಧ ಗಂಟೆ ಹಾಯೆನಿಸಿತು. ಅದು ಬರೀ ಫ್ಯಾನಿನ ಗಾಳಿ. ಆಮೇಲೆ ಹಾಸಿಗೆ ಜಿಗುಟು, ದಿಂಬು ಜಿಗುಟು. ವಾರದೊಳಗೆ ಕಪಾಟಿನ ಹಿಂದೆ ಬೂಷ್ಟು. ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್ ತಂದಿಟ್ಟೆ. ಕೂಲರ್ ಹಾಕುವ ಮೊದಲು ತೇವಾಂಶ 82%, ಒಂದು ಗಂಟೆ ಬಿಟ್ಟು ನೋಡಿದರೆ 91%! ತೇವ ಎಳೆದುಕೊಳ್ಳುವುದು ಇರಲಿ, ಇದೇ ತೇವ ತುಂಬುತ್ತಿತ್ತು.

ಫೋನ್ ಮಾಡಿದೆ. "ಕಿಟಕಿ ತೆಗೆದಿಡಿ" ಅಂದರು. ತೆಗೆದಿಟ್ಟೆ. ಹೊರಗೂ ಅದೇ ಒದ್ದೆ ಗಾಳಿ ಅಲ್ವಾ? ಮತ್ತೆ ಮಾಡಿದರೆ "ಐಸ್ ಹಾಕಿ ನೋಡಿ." ಮೂರನೇ ಸಲ, "ಎಲ್ಲರಿಗೂ ಚೆನ್ನಾಗೇ ಇದೆ, ನಿಮ್ಮ ಮನೆಯಲ್ಲೇ ಏನೋ ತೊಂದರೆ." ಆ ಮಾತು ಇನ್ನೂ ಚುಚ್ಚುತ್ತಿದೆ.

ಅವತ್ತು ರಾತ್ರಿ ಪೆಟ್ಟಿಗೆಯೊಳಗಿದ್ದ ಪುಸ್ತಕ ತೆರೆದೆ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ಒಣ ಹವೆ ಇರುವ ಕಡೆ ಮಾತ್ರ ಬಳಸಿ ಅಂತ. ಮೈಯೆಲ್ಲ ಉರಿದುಹೋಯಿತು. ನಾಚಿಕೆಯೂ ಆಯಿತು. ಕೇಳಿದ್ದಕ್ಕೆ, "ತಗೊಳ್ಳೋ ಮುಂಚೆ ಓದ್ಬೇಕಿತ್ತು ಮೇಡಂ. ನೀರು ಹಾಕಿದ ಮೇಲೆ ವಾಪಸ್ ಇಲ್ಲ." ಸೀಲ್ ಹಾಕಿದ ಪೆಟ್ಟಿಗೆಯೊಳಗಿನ ಪುಸ್ತಕವನ್ನು ಮುಂಚೆಯೇ ಹೇಗೆ ಓದಲಿ?

ಈಗ ಗೊತ್ತಾಗಿದ್ದು ಇಷ್ಟು. ನೀರು ಆವಿಯಾಗುವಾಗ ಗಾಳಿಯ ಬಿಸಿ ಎಳೆದುಕೊಳ್ಳುತ್ತದೆ, ಕೂಲರಿನ ತಂಪು ಅಷ್ಟೇ. ಗಾಳಿ ಮೊದಲೇ ಒದ್ದೆಯಿದ್ದರೆ ನೀರು ಹೆಚ್ಚು ಆವಿಯಾಗಲ್ಲ, ತಂಪೂ ಆಗಲ್ಲ. 35 ಡಿಗ್ರಿ ಬಿಸಿ, 20% ತೇವಾಂಶ ಇದ್ದರೆ ಗಾಳಿ ಹೆಚ್ಚೆಂದರೆ 19 ಡಿಗ್ರಿ ಹತ್ತಿರಕ್ಕೆ ಇಳಿಯಬಹುದು. 30 ಡಿಗ್ರಿ, 85% ಇದ್ದರೆ ಸುಮಾರು 28ಕ್ಕೇ ನಿಲ್ಲುತ್ತದೆ. ಯಂತ್ರ ಎಷ್ಟು ದೊಡ್ಡದಾದರೂ ಅಷ್ಟೇ. ಇದು ಮಾರುವವರಿಗೆ ಗೊತ್ತಿರಲ್ವಾ?

ತೇವ ಕಡಿಮೆ ಮಾಡಬೇಕಂದರೆ ಎಸಿ, ಇಲ್ಲವೇ ಡಿಹ್ಯುಮಿಡಿಫೈಯರ್. ಎರಡನೆಯದು ಗಾಳಿ ಒಣಗಿಸುತ್ತದೆ, ಆದರೆ ಕೋಣೆ ಸ್ವಲ್ಪ ಬಿಸಿಯಾಗುತ್ತದೆ, ಅದನ್ನೂ ಕೇಳಿಕೊಳ್ಳಿ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆ ಇಡಿ. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಹರವಬೇಡಿ. ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಅಮ್ಮ ಈಗ ಹಳೇ ಫ್ಯಾನಿನ ಕೆಳಗೇ ಮಲಗುತ್ತಾರೆ. ಕೂಲರ್ ನೀರು ಖಾಲಿ ಮಾಡಿ ಮೂಲೆಗಿಟ್ಟಿದ್ದೇನೆ. ಹೈಗ್ರೋಮೀಟರಿನ ಫೋಟೋ ಅಂಗಡಿಯವರಿಗೆ ಕಳಿಸಿ ನಾಲ್ಕು ದಿನವಾಯಿತು, ಅವರು ನೋಡಿದ್ದಾರೆ, ಉತ್ತರ ಇಲ್ಲ. ನಾಳೆ ಪುಸ್ತಕ ಹಿಡಿದುಕೊಂಡು ನಾನೇ ಹೋಗುತ್ತಿದ್ದೇನೆ.