ಹಲ್ಲುನೋವಿಗೊಂದು, ನೆಗಡಿಗೊಂದು: ಎರಡರಲ್ಲೂ ಇದ್ದದ್ದು ಒಂದೇ ಔಷಧ

ವೈದ್ಯರ ಚೀಟಿ ಇಲ್ಲದೆ ಸಿಗುವ ನೋವಿನ ಮಾತ್ರೆಗಳನ್ನು ಮನೆಯಲ್ಲಿ ಇಟ್ಟುಕೊಂಡಿರುವವರೆಲ್ಲ ದಯವಿಟ್ಟು ಇದನ್ನು ಓದಿ. ಅಂಥ ಮಾತ್ರೆಗಳಿಂದಲೇ ನನ್ನ ಅಕ್ಕ ಆಸ್ಪತ್ರೆ ಸೇರಬೇಕಾಯಿತು.

ದವಡೆ ಹಲ್ಲು ವಿಪರೀತ ನೋಯುತ್ತಿದ್ದಾಗಲೇ ಅಕ್ಕನಿಗೆ ನೆಗಡಿಯೂ ಹಿಡಿಯಿತು. ಹಲ್ಲಿಗೆಂದು 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ದಿನಕ್ಕೆ ನಾಲ್ಕು ಬಾರಿ, ನೆಗಡಿಗೆಂದು ಇನ್ನೊಂದು ಮಾತ್ರೆ, ಅದೂ ನಾಲ್ಕು ಬಾರಿ. ನೋವಿನಿಂದ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೆಲವು ದಿನಗಳಲ್ಲಿ ವಾಕರಿಕೆ, ವಾಂತಿ ಶುರುವಾಯಿತು. ನೆಗಡಿಯ ಸುಸ್ತೆಂದೇ ಎಲ್ಲರೂ ತಿಳಿದೆವು. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಓಡಿದೆವು.

ವೈದ್ಯರು ಮೊದಲು ಕೇಳಿದ್ದು ಮಾತ್ರೆಯ ಸ್ಟ್ರಿಪ್‌ಗಳನ್ನು. ನೆಗಡಿ ಮಾತ್ರೆಯದನ್ನು ಅಂಗಡಿಯವರು ಕತ್ತರಿಸಿ ಕೊಟ್ಟಿದ್ದರು. ಔಷಧದ ಹೆಸರು ಅರ್ಧವೇ ಉಳಿದಿತ್ತು. ಅದನ್ನು ಬೆಳಕಿಗೆ ಹಿಡಿದು ಓದಿದ ವೈದ್ಯರು, ಇದರಲ್ಲೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ ಎಂದರು. ಕೂಡಿಸಿದರೆ ದಿನಕ್ಕೆ 4,600 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರಿಗೇ 24 ಗಂಟೆಗಳಲ್ಲಿ 4,000 ಮಿಲಿಗ್ರಾಂ ಮೀರಬಾರದು. ತೂಕ ತೀರ ಕಡಿಮೆ ಇರುವವರಿಗೆ, ಯಕೃತ್ತಿನ ತೊಂದರೆಯವರಿಗೆ, ನಿತ್ಯ ಮದ್ಯ ಕುಡಿಯುವವರಿಗೆ ಮಿತಿ ಇನ್ನೂ ಕಡಿಮೆ. ಈ ಔಷಧದಿಂದ ಯಕೃತ್ತಿನಲ್ಲಿ ಹುಟ್ಟುವ ವಿಷಾಂಶವನ್ನು ಗ್ಲುಟಾಥಯೋನ್ ಎಂಬ ವಸ್ತು ನಿವಾರಿಸುತ್ತದೆ. ಸರಿಯಾಗಿ ಉಣ್ಣದಿದ್ದರೆ ಅದೂ ಬರಿದಾಗುತ್ತದೆ. ಅಕ್ಕನಿಗೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವನ್ನು ರಕ್ತನಾಳದ ಮೂಲಕ ಕೊಟ್ಟರು. ಪುಣ್ಯಕ್ಕೆ ಚೇತರಿಸಿಕೊಂಡಳು.

ಕತ್ತರಿಸಿದ ಸ್ಟ್ರಿಪ್ ಕೊಡುವುದು ನನಗೆ ಈಗಲೂ ಸಿಟ್ಟು ತರಿಸುವ ಸಂಗತಿ. ಹೆಸರು ಪೂರ್ತಿ ಕಾಣದ ತುಂಡನ್ನು ತೆಗೆದುಕೊಳ್ಳಬೇಡಿ. ಹೊರಗಿನ ದೊಡ್ಡ ಹೆಸರನ್ನಲ್ಲ, ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ. ಕೆಲವು ದೇಶಗಳಲ್ಲಿ ಪ್ಯಾರಾಸಿಟಮಾಲ್ ಅನ್ನೇ ಅಸಿಟಮಿನೋಫೆನ್ ಎಂದು ಮುದ್ರಿಸಿರುತ್ತಾರೆ.

ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೇನ್ ಎಂಬ ಇನ್ನೊಂದು ನೋವಿನ ಮಾತ್ರೆ ನುಂಗಿದರೆ ಸುರಕ್ಷಿತ ಎಂದೂ ಅಲ್ಲ. ಅದು ಹೊಟ್ಟೆಯಲ್ಲಿ ರಕ್ತಸ್ರಾವ ಉಂಟುಮಾಡಬಹುದು, ಮೂತ್ರಪಿಂಡಕ್ಕೂ ಹಾನಿ ಮಾಡಬಹುದು. ಹುಣ್ಣು ಇದ್ದವರು, ರಕ್ತದೊತ್ತಡದ ಅಥವಾ ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಲ ಟಾರಿನಂತೆ ಕಪ್ಪಾದರೆ ಅದು ಆ ರಕ್ತಸ್ರಾವದ ಗುರುತಾಗಿರಬಹುದು, ಆಸ್ಪತ್ರೆಗೆ ಹೋಗಲು ತಡಮಾಡಬೇಡಿ.

ಪ್ಯಾರಾಸಿಟಮಾಲ್ ಮಿತಿ ಮೀರಿದರೂ ಮೊದಲ ದಿನ ಏನೂ ಅನ್ನಿಸದೇ ಇರಬಹುದು. ಒಮ್ಮೆಗೇ ಹೆಚ್ಚು ನುಂಗಿದ್ದರೆ 8 ಗಂಟೆಗಳೊಳಗೆ ಕೊಟ್ಟ ಪ್ರತಿವಿಷ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ ಲಕ್ಷಣಕ್ಕೆ ಕಾಯದೆ, ಎಲ್ಲ ಸ್ಟ್ರಿಪ್‌ಗಳನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ.