ಮುಸ್ಲಿಮನೆಂದರೆ ಯಾರು? ಒಂದು ಆನ್‌ಲೈನ್ ಪಾಠಸರಣಿಯ ವಿಮರ್ಶೆ

ಇಸ್ಲಾಮಿ ನ್ಯಾಯಶಾಸ್ತ್ರವನ್ನು ಕುರಿತ ಈ ಆನ್‌ಲೈನ್ ಪಾಠಸರಣಿಗೆ ನಾನು ಸೇರಿದ್ದು ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು: ಒಬ್ಬ ವ್ಯಕ್ತಿಯನ್ನು ಮುಸ್ಲಿಮನೆಂದು ಶಾಸ್ತ್ರವು ಯಾವ ಆಧಾರದ ಮೇಲೆ ಪರಿಗಣಿಸುತ್ತದೆ? ಮದುವೆ, ವಾರಸುದಾರಿಕೆ, ಅಂತ್ಯಸಂಸ್ಕಾರಗಳೆಲ್ಲ ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುವುದರಿಂದ ಇದು ಬರೀ ದೇವತಾಶಾಸ್ತ್ರದ ಚರ್ಚೆಯಲ್ಲ.

ಸರಣಿಯ ಅತ್ಯುತ್ತಮ ಭಾಗವೆಂದರೆ ಎರಡನೆಯ ಪಾಠ. ಯುದ್ಧದಲ್ಲಿ ಕತ್ತಿ ಎತ್ತಿದ ಕ್ಷಣದಲ್ಲಿ ಎದುರಾಳಿಯು ಕಲಿಮಾ (ದೇವರೊಬ್ಬನೇ, ಮುಹಮ್ಮದರು ಅವನ ದೂತ ಎಂಬ ಘೋಷಣೆ) ಹೇಳಿದರೂ, ಪ್ರಾಣಭಯದಿಂದ ಹೇಳಿದನೆಂದು ಬಗೆದು ಪ್ರವಾದಿಯವರ ಸಂಗಡಿಗ ಉಸಾಮಾ ಬಿನ್ ಝೈದ್ ಅವನನ್ನು ಕೊಲ್ಲುತ್ತಾರೆ. ಅದನ್ನು ಕೇಳಿದ ಪ್ರವಾದಿಯವರು, ನೀನು ಅವನ ಎದೆ ಸೀಳಿ ನೋಡಿದೆಯಾ ಎಂದು ಪ್ರಶ್ನಿಸುತ್ತಾರೆ. ಸಹೀಹ್ ಮುಸ್ಲಿಂ ಸಂಗ್ರಹದ ಈ ಹದೀಸನ್ನು (ಪ್ರವಾದಿಯವರ ನಡೆನುಡಿಯ ವರದಿಯನ್ನು) ಮುಂದಿಟ್ಟುಕೊಂಡು ಅಧ್ಯಾಪಕರು, ಕಾನೂನು ನೋಡುವುದು ನಾಲಗೆಯ ಸಾಕ್ಷ್ಯವನ್ನು, ಅಂತರಂಗದ ಲೆಕ್ಕ ದೇವರಿಗೆ ಸೇರಿದ್ದು ಎಂಬ ತತ್ತ್ವವನ್ನು ಬಿಡಿಸಿಡುವ ರೀತಿ ಮೆಚ್ಚುವಂಥದ್ದು.

ಪಾಪ ಮಾಡಿದವನು ಮುಸ್ಲಿಮನಾಗಿಯೇ ಉಳಿಯುತ್ತಾನೆಯೇ ಎಂಬ ಹಳೆಯ ಜಗಳವೂ ಚೆನ್ನಾಗಿ ಬಂದಿದೆ. ಘೋರ ಪಾಪಿಯನ್ನು ಆರಂಭಕಾಲದ ಉಗ್ರ ಪಂಗಡವಾದ ಖವಾರಿಜರು ಧರ್ಮದ ಹೊರಗಿಟ್ಟರು. ತರ್ಕಪ್ರಧಾನ ಪಂಥದವರಾದ ಮುಅತಝಿಲರು ಅವನಿಗೆ ನಡುವಿನ ಒಂದು ಸ್ಥಾನ ಕೊಟ್ಟರು. ಸುನ್ನೀ ಪಂಥಗಳು ಅವನನ್ನು ಒಳಗೇ ಉಳಿಸಿಕೊಂಡವು. ನಾಲ್ಕು ಸುನ್ನೀ ನ್ಯಾಯಪಂಥಗಳಲ್ಲಿ ಒಂದಾದ ಹನಫೀಯರ ಪ್ರಕಾರ ಈಮಾನ್ (ವಿಶ್ವಾಸ) ಎಂದರೆ ಹೃದಯದ ಒಪ್ಪಿಗೆ ಮತ್ತು ನಾಲಗೆಯ ಘೋಷಣೆ. ಕರ್ಮ ಅದರ ಅಂಗವಲ್ಲ. ಸೋಮಾರಿತನದಿಂದ ನಮಾಝ್ ಬಿಟ್ಟವನ ವಿಷಯದಲ್ಲಿ ಈ ಭೇದ ಸ್ಪಷ್ಟವಾಗುತ್ತದೆ: ಹನ್ಬಲೀ ಪಂಥದ ಮೂಲಪುರುಷ ಇಮಾಮ್ ಅಹ್ಮದ್ ಅವರ ಪ್ರಸಿದ್ಧ ಅಭಿಪ್ರಾಯದಂತೆ ಅವನು ಕಾಫಿರ್ (ಧರ್ಮದ ಹೊರಗಿನವನು), ಇತರ ಮೂರು ಸುನ್ನೀ ಪಂಥಗಳಿಗೆ ಶಿಕ್ಷಾರ್ಹನಾದ ಪಾಪಿ ಮಾತ್ರ.

ಆದರೆ ಹುಟ್ಟಿನಿಂದ ಬರುವ ಸದಸ್ಯತ್ವಕ್ಕೆ ಇಲ್ಲಿ ಸಿಕ್ಕಿರುವುದು ಹತ್ತೇ ನಿಮಿಷ. ಕಲಿಮಾವನ್ನು ಅರ್ಥಮಾಡಿಕೊಂಡು ಹೇಳಿ ಮುಸ್ಲಿಮರಾಗುವವರಿಗಿಂತ ಮುಸ್ಲಿಂ ತಂದೆತಾಯಿಗೆ ಹುಟ್ಟಿ ಮುಸ್ಲಿಮರಾದವರೇ ಬಹುಮಂದಿ ಇರುವಾಗ ಇದು ಸಣ್ಣ ಕೊರತೆಯಲ್ಲ. ತಂದೆತಾಯಿಯರಲ್ಲಿ ಒಬ್ಬರು ಮಾತ್ರ ಮುಸ್ಲಿಮರಾದರೆ ಮಗು ಯಾರ ಧರ್ಮವನ್ನು ಪಡೆಯುತ್ತದೆ ಎಂಬಲ್ಲಿ ಇನ್ನೊಂದು ಸುನ್ನೀ ಪಂಥದವರಾದ ಮಾಲಿಕೀಯರು ತಂದೆಯ ಕಡೆ ವಾಲುತ್ತಾರೆ, ಉಳಿದ ಬಹುತೇಕ ಸುನ್ನೀ ನ್ಯಾಯಜ್ಞರು ಇಬ್ಬರಲ್ಲಿ ಮುಸ್ಲಿಮರಾದವರ ಕಡೆ. ಈ ಮತಭೇದವನ್ನು ಪಾಠ ಮುಟ್ಟುವುದೇ ಇಲ್ಲ. ಮುಸ್ಲಿಮೇತರರ ಆಸ್ತಿಗೆ ಮುಸ್ಲಿಮನು ವಾರಸುದಾರನಾಗಬಹುದೆನ್ನುವ ಜಾಫರೀ (ಶಿಯಾ ನ್ಯಾಯಪಂಥದ) ನಿಲುವಿನ ಪ್ರಸ್ತಾಪವೂ ಇಲ್ಲ.

ಆಧುನಿಕ ಕಾಲದ ಪಾಠ ಪರವಾಗಿಲ್ಲ. ಪಾಕಿಸ್ತಾನದಲ್ಲಿ ಅಹ್ಮದೀಯ-ವಿರೋಧಿ ಗಲಭೆಗಳ ತನಿಖೆ ನಡೆಸಿದ 1954ರ ಮುನೀರ್ ವರದಿಯು, ಮುಸ್ಲಿಮನ ವ್ಯಾಖ್ಯೆ ಕೇಳಿದಾಗ ಯಾವ ಇಬ್ಬರು ಉಲೇಮಾಗಳ (ಧರ್ಮವಿದ್ವಾಂಸರ) ಉತ್ತರವೂ ಹೊಂದಲಿಲ್ಲವೆಂದು ದಾಖಲಿಸಿದ್ದನ್ನೂ, 1974ರಲ್ಲಿ ಅದೇ ದೇಶವು ಸಂವಿಧಾನ ತಿದ್ದುಪಡಿಯಿಂದ ಅಹ್ಮದೀಯರನ್ನು (ಮಿರ್ಝಾ ಗುಲಾಮ್ ಅಹ್ಮದರ ಅನುಯಾಯಿಗಳನ್ನು) ಮುಸ್ಲಿಮೇತರರೆಂದದ್ದನ್ನೂ, 2005ರಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ಸೇರಿದ ವಿದ್ವಾಂಸರು ಎಂಟು ಪಂಥಗಳನ್ನು ಮಾನ್ಯ ಮಾಡಿ ಪರಸ್ಪರ ತಕ್ಫೀರನ್ನು (ಇನ್ನೊಬ್ಬರನ್ನು ಕಾಫಿರರೆಂದು ಘೋಷಿಸುವುದನ್ನು) ನಿಷೇಧಿಸಿದ್ದನ್ನೂ ಒಂದರ ಪಕ್ಕ ಒಂದಿಟ್ಟು ತೋರಿಸಿದ್ದಾರೆ.

ನನ್ನ ದೊಡ್ಡ ತಕರಾರು ಅನುವಾದದ ಬಗ್ಗೆ. ಉಪಶೀರ್ಷಿಕೆಗಳಲ್ಲಿ ಈಮಾನ್ (ವಿಶ್ವಾಸ), ಇಸ್ಲಾಂ (ಶರಣಾಗತಿ) ಎರಡಕ್ಕೂ ‘ನಂಬಿಕೆ’ ಎಂದೇ ಹಾಕಿದ್ದಾರೆ. ಮರುಭೂಮಿಯ ಅರಬರಿಗೆ, ನೀವು ವಿಶ್ವಾಸವಿಟ್ಟಿಲ್ಲ, ಶರಣಾಗಿದ್ದೇವೆ ಎಂದಷ್ಟೇ ಹೇಳಿ ಎನ್ನುವ ಕುರ್‌ಆನಿನ 49ನೇ ಅಧ್ಯಾಯದ 14ನೇ ವಚನ ಇದರಿಂದ ಪರದೆಯ ಮೇಲೆ ಅರ್ಥಹೀನವಾಗಿ ಕಾಣುತ್ತದೆ. ಅರಬಿ ಬಾರದ ಕಲಿಯುವವರು ಆ ಪಾಠವನ್ನು ಉಪಶೀರ್ಷಿಕೆಯನ್ನಷ್ಟೇ ನಂಬದೆ, ಈ ಎರಡು ಮೂಲ ಪದಗಳಿಗೆ ಕಿವಿಗೊಟ್ಟು ಕೇಳುವುದು ಲೇಸು.